ಅಕ್ಕಿಹಿಟ್ಟಿನ ಪ್ರೇತ

ಭಿವಂಡಿಯ ಮುಚ್ಚಿದ ಮಗ್ಗದ ಶೆಡ್ಡಿನಲ್ಲಿ ಬೆಳಿಗ್ಗೆ ಎಂಟಕ್ಕೆ ಪ್ರೇಕ್ಷಾ ಗಣಪತಿಯ ಪಟದ ಮುಂದೆ ದೀಪ ಹಚ್ಚಿದಳು. ಅವಳ ಅಪ್ಪ ಪೂವಪ್ಪ ಯಕ್ಷಗಾನದವರಿಗೆ ನಲವತ್ತು ವರ್ಷ ಬಣ್ಣ ಬರೆದವರು. ದೀಪಕ್ಕೆ ಕೈಮುಗಿಯದೆ ರಾಕ್ಷಸನ ಮುಖವನ್ನೂ ಮುಟ್ಟಿದವರಲ್ಲ.

ಇಂದು ಅವಳು ಬರೆಯಬೇಕಾದದ್ದು ಪ್ರೇತದ ಮುಖ. ಸತ್ತ ನೇಕಾರನೊಬ್ಬ ಎದ್ದು ಬಂದು, ತನ್ನನ್ನು ಕೊಂದವರನ್ನೆಲ್ಲ ಕತ್ತರಿಯಿಂದ ಮುಗಿಸುವ ಸಿನಿಮಾ.

"ಮಧ್ಯಾಹ್ನದವರೆಗೆ ಟೈಮ್," ಎಂದಿದ್ದ ನಿರ್ದೇಶಕ ಮನೀಶ್, ಡೊಂಬಿವ್ಲಿಯಲ್ಲಿ ಬೆಳೆದ ಕರಾವಳಿಯವನು. "ನಿನ್ನ ಬಣ್ಣಕ್ಕೆ ನಾನೇ ಹೆದರದಿದ್ರೆ ರಬ್ಬರ್ ಮಾಸ್ಕ್ ರೆಡಿ ಉಂಟು. ಬೇಜಾರು ಮಾಡ್ಬೇಡ."

ಬಾಗಿಲಿಗೆ ನೆರಳು ಬಿತ್ತು. ಎತ್ತರದ ಆಳು, ಅಗಲ ಭುಜ, ಆಳವಾದ ಕಣ್ಣು.

"ಎಷ್ಟು ಲೇಟು ಮಾರಾಯ್ರೆ. ಕೂತ್ಕೊಳ್ಳಿ."

"ಅಲ್ರಿ, ನಾ ಬಂದಿದ್ದು..."

"ಮಾತಾಡ್ಬೇಡಿ. ಬಾಯಿ ಅಲ್ಲಾಡಿದ್ರೆ ಚಿಟ್ಟಿ ಉದುರ್ತದೆ."

ಅವನು ಕೂತ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಮುಳ್ಳಿನಂತೆ ಒಂದೊಂದೇ ಬಿಳಿ ಚುಕ್ಕೆ ಏರಿಸುತ್ತ ಹೋಗುವುದು, ಅದೇ ಚಿಟ್ಟಿ. ನಾಲ್ಕು ಗಂಟೆಯ ಕೆಲಸ.

ನಾಲ್ಕು ಗಂಟೆ ಒಂದು ಮುಖದ ಮುಂದೆ ಕೂತರೆ ಅದು ದೇವರ ಮುಖದಷ್ಟೇ ಪರಿಚಯವಾಗುತ್ತದೆ. ಎಡ ಹುಬ್ಬಿನಲ್ಲೊಂದು ಹಳೆಯ ಗಾಯ. ಅವಳ ಉಸಿರು ಕೆನ್ನೆಗೆ ತಾಗಿದಾಗಲೆಲ್ಲ ಅವನ ಉಸಿರು ನಿಲ್ಲುತ್ತಿತ್ತು. ಅವಳು ಬಟ್ಟಲಿನತ್ತ ಬಾಗಿದರೆ ಅವನ ಕಣ್ಣು ಅವಳ ಮೇಲೆ. ಅವಳು ತಿರುಗಿದರೆ ಕಣ್ಣು ಸೀದಾ ಚಾವಣಿಗೆ.

"ಮೇಲೆ ಏನುಂಟು? ಪಾರಿವಾಳವಾ?"

ಅವನು ಕಣ್ಣಲ್ಲೇ ಅಲ್ಲವೆಂದ. ಆಮೇಲೆ ಕಣ್ಣು ಇಳಿಸಿ ಅವಳನ್ನೇ ನೋಡಿದ. ಅವಳ ಕಿವಿ ಬಿಸಿಯಾಯಿತು. ಒಂದು ಚುಕ್ಕೆ ಸೊಟ್ಟಗಾಯಿತು.

ಹನ್ನೆರಡೂವರೆಗೆ ಮನೀಶ್ ಬಂದ. "ಅರೇ, ಇವ ಯಾರು? ನಮ್ಮ ಆ್ಯಕ್ಟರ್ ಇನ್ನೂ ಠಾಣೆಯ ಟ್ರಾಫಿಕ್ಕಲ್ಲಿದ್ದಾನೆ. ಇವ ತುರ್ಭೆ ಮಾರ್ಕೆಟಿಂದ ಲೈಟ್ ಇಳಿಸ್ಲಿಕ್ಕೆ ಬಂದ ಹಮಾಲಿ ಅಂಬಾರಾಯ ಅಲ್ವಾ?"

ಆ ನಟನನ್ನು ಪ್ರೇಕ್ಷಾ ಈವರೆಗೆ ಕಂಡಿರಲಿಲ್ಲ. ಅವಳು ಎದುರು ಕೂತವನತ್ತ ತಿರುಗಿದಳು. "ಹೇಳ್ಬಾರದಿತ್ತಾ?"

ಅಂಬಾರಾಯ ತನ್ನ ಬಾಯಿ ತೋರಿಸಿದ, ಆಮೇಲೆ ಅವಳ ಕಡೆ ಬೆರಳು ಮಾಡಿದ.

"ಸಾಕು ಬಿಡು," ಮನೀಶ್ ನಕ್ಕ. "ಮಾಸ್ಕ್ ತನ್ನಿ."

ಅಪ್ಪನ ನಲವತ್ತು ವರ್ಷ ಒಂದು ರಬ್ಬರ್ ಚೀಲದೊಳಗೆ ಮುಗಿದುಹೋಗುವುದೇ? ಅವಳು ಅಡ್ಡ ನಿಂತಳು. "ಒಂದೇ ಟೇಕ್ ಕೊಡು, ಮನೀಶಣ್ಣ. ಇವರೇ ನಡೀಲಿ. ಸರಿಯಾಗದಿದ್ರೆ ನಾನೇ ಮಾಸ್ಕ್ ಹಾಕಿ ಕೊಡ್ತೇನೆ."

ಅಂಬಾರಾಯ ಅವಳನ್ನೊಮ್ಮೆ ನೋಡಿ ಕತ್ತರಿ ಎತ್ತಿಕೊಂಡ.

ನಟನೆ ಅವನಿಗೆ ಗೊತ್ತಿರಲಿಲ್ಲ. ಕ್ವಿಂಟಲ್ ಮೂಟೆ ಹೊತ್ತು ನಡೆಯುವುದು ಗೊತ್ತಿತ್ತು. ಮೊಣಕಾಲು ಬಾಗಿಸಿ, ಕತ್ತು ಮುಂದೆ ಚಾಚಿ, ಹೆಜ್ಜೆಯನ್ನು ನೆಲಕ್ಕೆ ಊರಿ ಊರಿ, ಬೆನ್ನ ಮೇಲೆ ತನ್ನದೇ ಹೆಣ ಹೊತ್ತವನಂತೆ ಅವನು ಮಗ್ಗಗಳ ನಡುವೆ ಬಂದ. ನಾಯಕಿ ಸೋನಾಲಿ ಕಿರುಚಿ ಓಡಿದಳು. ಆ ಕಿರುಚಾಟ ಸ್ಕ್ರಿಪ್ಟಿನಲ್ಲಿರಲಿಲ್ಲ.

ಮನೀಶ್ ಒಂದು ಹೆಜ್ಜೆ ಹಿಂದೆ ಸರಿದು ಕಟ್ ಹೇಳಿದ. "ಮಾಸ್ಕ್ ವಾಪಸ್ ಕಳ್ಸಿ," ಎಂದ ಮೆಲ್ಲಗೆ.

ತೆಂಗಿನೆಣ್ಣೆ ಹಚ್ಚಿ ಅವಳು ಬಣ್ಣ ತೆಗೆದಳು. "ಈಗ ಮಾತಾಡ್ಲೇನ್ರಿ?" ಎಂದ. ಮಾತಾಡಿ ಎಂದಳು. ಅವನಿಗೆ ಹೊಳೆದದ್ದು ಒಂದೇ ಮಾತು: "ನಾಳಿಗಿ ಬರ್ತೀನ್ರಿ."

ಇಪ್ಪತ್ತೆರಡು ದಿನ ಬಂದ.

ಸಿನಿಮಾ ಮೊದಲ ವಾರ ಖಾಲಿ ಕುರ್ಚಿಗಳಿಗೆ ಓಡಿತು. ಆಮೇಲೆ ಫೋನಿನಿಂದ ಫೋನಿಗೆ ಹಬ್ಬಿತು. ಮೂರನೇ ವರ್ಷಕ್ಕೆ ಕಲ್ಯಾಣ್‌ನ ಒಂದು ಟಾಕೀಸಿನಲ್ಲಿ ತಿಂಗಳಿಗೊಂದು ಭಾನುವಾರ ಬೆಳಗಿನ ಆಟ. ಕಾಲೇಜಿನವರು ಕೆನ್ನೆಗೆ ಅಕ್ಕಿಹಿಟ್ಟಿನ ಚುಕ್ಕೆ ಇಟ್ಟು, ಮೂಟೆ ಹೊತ್ತವರಂತೆ ಸಾಲಾಗಿ ನಡೆದು ಬರುತ್ತಿದ್ದರು. ಮೊದಲ ಸಲ ಅದನ್ನು ಕಂಡ ಪೂವಪ್ಪ ಟಾಕೀಸಿನ ಬೆಂಚಿನ ಮೇಲೆ ಕೂತುಬಿಟ್ಟರು. "ನಮ್ಮ ಚಿಟ್ಟಿ," ಎಂದರು. ಕಣ್ಣು ತುಂಬಿತ್ತು.

ಆ ದಿನ ಒಂದು ಹುಡುಗಿ ಪೋಸ್ಟರ್ ಹಿಡಿದು ಅಂಬಾರಾಯನ ಮುಂದೆ ಬಂದಳು. "ಸರ್, ಸೈನ್?"

ಅವನು ಪೆನ್ನನ್ನು ಪ್ರೇಕ್ಷಾಳಿಗೆ ಕೊಟ್ಟ. "ಈ ಮುಖ ಮಾಡಿದೋರು ಇವ್ರು. ಸಹಿ ಇವ್ರದು ಬೇಕು. ನಾ ಬರೇ ನಡದೀನಿ."

ಸುತ್ತಲಿನವರು ಚಪ್ಪಾಳೆ ತಟ್ಟಿದರು. ಪ್ರೇಕ್ಷಾ ತಲೆಯೆತ್ತಿ ನಿಂತು ತನ್ನ ಹೆಸರು ಬರೆದಳು. ಅದಕ್ಕೆ ತಾಗಿಸಿ ಅವನದನ್ನೂ ಬರೆದಳು.

"ನಂದೂ ಯಾಕ್ರಿ?"

"ಒಟ್ಟಿಗಿರ್ಲಿ ಅಂತ."

"ಪೋಸ್ಟರ್‌ನ್ಯಾಗ ಅಷ್ಟೇ ಏನ್ರಿ? ಮೂರು ವರ್ಷ ಆತು, ನಂಗ ದಿನಾ ನೀವ್ ಬೇಕನಸ್ತದ."

"ಅಪ್ಪ ಅಲ್ಲೇ ಕೂತಿದ್ದಾರೆ. ಬಾ, ಕೇಳು."

ಊರೂರನ್ನು ಹೆದರಿಸಿದವನು ಅಂಗಿಯ ಗುಂಡಿ ಹಾಕಿಕೊಂಡ. ಅವಳು ಅವನ ಕೈ ಹಿಡಿದುಕೊಂಡು ನಡೆದಳು. ಪೂವಪ್ಪ ಇಬ್ಬರನ್ನೂ ನೋಡಿದರು, ಹಿಡಿದ ಕೈಗಳನ್ನೂ ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ತೊಡೆಗೆ ಎತ್ತಿಕೊಂಡು ಇಬ್ಬರಿಗೂ ಜಾಗ ಮಾಡಿದರು.