ಬೂದಿ ಹದ್ದು, ಮೊದಲ ಸಂಚಿಕೆ

೨೦೦೫ರ ನವೆಂಬರ್ ೮, ಮಂಗಳವಾರ. ಬೆಳಗ್ಗೆ ಹನ್ನೊಂದೂವರೆಗೆ ಕುಂಟೆಪಾಳ್ಯ ಠಾಣೆಗೆ ಬಂದ ದೂರನ್ನು ಅರ್ಧ ಕೇಳುವಷ್ಟರಲ್ಲಿ ಹೆಡ್ ಕಾನ್‌ಸ್ಟೆಬಲ್ ಪೀರಪ್ಪ ಪೆನ್ನು ಕೆಳಗಿಟ್ಟರು.

"ಕಳುವಾಗಿರೋದು ಕಾಮಿಕ್ಸ್ ಪುಸ್ತಕ. ಒಂದೇ ಒಂದು. ಸರಿ. ಅದರ ಜಾಗದಲ್ಲಿ ಕಳ್ಳ ಏನಿಟ್ಟು ಹೋದ ಅಂದ್ರಿ?"

"ಅದೇ ಪುಸ್ತಕದ ಇನ್ನೊಂದು ಪ್ರತಿ ಸಾರ್."

"ಹರಿದು ಹೋಗಿರೋದಾ?"

"ಇಲ್ಲ ಸಾರ್. ನನ್ನದಕ್ಕಿಂತ ಚೆನ್ನಾಗಿರೋದು."

"ಹಂಗಾದ್ರೆ ಅವನನ್ನ ಹುಡುಕಿ ಕಾಫಿ ಕುಡಿಸ್ಬೇಕು ಸ್ವಾಮಿ. ಇಲ್ಲಿಗ್ಯಾಕೆ ಬಂದ್ರಿ?"

ಠಾಣೆ ನಕ್ಕಿತು. ದೂರುದಾರ ನಿತೀಶ್ ನಗಲಿಲ್ಲ. ವಯಸ್ಸು ಇಪ್ಪತ್ತೈದು. ಅವನ ಅಜ್ಜ ಮುನಿಆಂಜನಪ್ಪ ಇದೇ ನೆಲದಲ್ಲಿ ರಾಗಿ ಬೆಳೆದವರು. ರಾಗಿಯ ಜಾಗದಲ್ಲಿ ಮೊದಲು ಬಾಡಿಗೆ ಕೋಣೆಗಳ ಸಾಲು ಎದ್ದಿತು, ಆಮೇಲೆ ನಾಲ್ಕಂತಸ್ತಿನ ಮನೆ. ಮೊಮ್ಮಗ ಠಾಣೆ ತಲುಪುವ ಮೊದಲೇ ಮೇಲಿನ ಕಚೇರಿಯಿಂದ ಫೋನ್ ಬಂದಿತ್ತು. ಹಾಗಾಗಿ ನಗು ಮುಗಿದ ಮೇಲೆ ಪೀರಪ್ಪ ಪೆನ್ನು ಎತ್ತಿಕೊಂಡು ಎಫ್‌ಐಆರ್ ಬರೆದರು: ಐಪಿಸಿ ೩೮೦, ವಾಸದ ಮನೆಯಲ್ಲಿ ಕಳವು.

ಬಾಗಿಲ ಪಕ್ಕದ ಬೆಂಚಿನ ಮೇಲೆ ಅಯ್ಯಮ್ಮ ಎಂಬ ಹೆಂಗಸು ಕೂತಿದ್ದಳು. ಅವಳ ಹೊಲಿಗೆ ಮಿಶನ್ ಹೋದ ವಾರ ಕಳುವಾಗಿತ್ತು. ಅವಳ ಅನ್ನ ಅದು. ಆದರೆ ಅವಳ ಪರವಾಗಿ ಯಾವ ಫೋನೂ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ಭಗವಂತರಾಯ ತಮ್ಮ ಕೋಣೆಯಿಂದ ಹೊರಬಂದು ಎಫ್‌ಐಆರ್ ಓದಿದರು. ಬೀದರ್ ಕಡೆಯವರು. ಹೆಂಡತಿ, ಮಕ್ಕಳು ಅಲ್ಲೇ ಉಳಿದಿದ್ದರು. ಇಲ್ಲಿ ಕ್ವಾರ್ಟರ್ಸಿನಲ್ಲಿ ಇವರು, ಒಂದು ತಟ್ಟೆ, ಒಂದು ಲೋಟ. ಊರಿನ ಮಾತು ನಾಲಿಗೆಯ ಮೇಲೆ ಬರುತ್ತಿದ್ದದ್ದು ಭಾನುವಾರ ಫೋನ್ ಮಾಡಿದಾಗ ಮಾತ್ರ.

"ಈಯಮ್ಮ ಯಾಕೆ ಕೂತಿದಾರೆ?"

"ಮಿಶನ್ ಕೇಸು ಸಾರ್. ವಿಚಾರಿಸ್ತಾ ಇದೀವಿ."

"ಕೂರಿಸಿಕೊಂಡು ಏನು ವಿಚಾರಿಸ್ತೀರಿ? ಮೊದಲು ಬರ್ಕೊಳ್ಳಿ. ಪೆನ್ನು ಬಿಸಿಯಾಗೇ ಇದೆಯಲ್ಲ."

ಮಧ್ಯಾಹ್ನ ಸ್ಥಳ ಪಂಚನಾಮೆ. ಜೊತೆಗೆ ಕಾನ್‌ಸ್ಟೆಬಲ್ ಉಮಾಶ್ರೀ. ಇಂದಿರಾನಗರದ ಅಂಚಿನ ಆ ಮನೆಯ ಎರಡನೇ ಮಹಡಿಯಲ್ಲಿ ನಿತೀಶನ ಕೋಣೆ. ಒಂದು ಕಂಪ್ಯೂಟರು, ಒಂದು ಮಂಚ, ಗೋಡೆಯುದ್ದಕ್ಕೂ ಬೀರುಗಳು. ಬೀರುಗಳೊಳಗೆ ಹಳೆಯ ಕಾಮಿಕ್ಸ್‌ಗಳು, ಒಂದೊಂದೂ ಪ್ಲಾಸ್ಟಿಕ್ ಕವರಿನಲ್ಲಿ, ಬೆನ್ನಿಗೆ ರಟ್ಟು ಕೊಟ್ಟುಕೊಂಡು, ಆಸ್ಪತ್ರೆಯ ರೋಗಿಗಳ ಹಾಗೆ ಮಲಗಿದ್ದವು. ಬೀಗ ಮುರಿದಿರಲಿಲ್ಲ. ಬೀಗದ ಕೈ ಎಲ್ಲರಿಗೂ ಕಾಣುವಂತೆ ಮೊಳೆಗೆ ನೇತಾಡುತ್ತಿತ್ತು.

ನಿತೀಶ್ ಬಿಳಿ ಕೈಗವಸು ತೊಟ್ಟು ಕಳ್ಳ ಬಿಟ್ಟುಹೋದ ಪ್ರತಿಯನ್ನು ತೋರಿಸಿದ. 'ಬೂದಿ ಹದ್ದು', ಮೊದಲ ಸಂಚಿಕೆ. ಎಪ್ಪತ್ತರ ದಶಕದಲ್ಲಿ ಊರಿನ ಒಂದು ಪುಟ್ಟ ಅಚ್ಚುಕೂಟ ಶುರುಮಾಡಿ, ವರ್ಷ ತುಂಬುವುದರೊಳಗೆ ಕೈಚೆಲ್ಲಿದ ಮಾಲೆ. ಈಗ ಸಿಗುವುದು ಅಪರೂಪ.

"ಇದಕ್ಕೆ ಹತ್ತಕ್ಕೆ ಏಳು ಗ್ರೇಡ್ ಕೊಡಬಹುದು ಸಾರ್. ನನ್ನದು ಮೂರೇ. ಹೆಚ್ಚುಕಮ್ಮಿ ಪ್ರತಿ ಪುಟದ ಕೆಳಮೂಲೆಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ರು. ಆದ್ರೂ ಅದು ನನ್ನ ಮೊದಲನೇ ಪುಸ್ತಕ. ಚಿಕ್ಕವನಿದ್ದಾಗ ಅಜ್ಜನ ಉಗ್ರಾಣದಲ್ಲಿ ಸಿಕ್ಕಿದ್ದು."

ಉಮಾಶ್ರೀ ಪುಸ್ತಕ ಬಿಡಿಸಲು ಹೋದಳು. ಅವನು ಗಾಬರಿಬಿದ್ದು ತಡೆದ. "ಪೂರ್ತಿ ತೆಗೀಬೇಡಿ ಮೇಡಂ! ಬೆನ್ನಿಗೆ ಗೆರೆ ಬೀಳುತ್ತೆ. ಪುಟ ಮಗುಚೋದಂತೂ ಬೇಡವೇ ಬೇಡ. ಇಷ್ಟೇ ತೆಗೆದು ಇಣುಕಬೇಕು."

"ಮತ್ತೆ ಓದೋದು ಹೆಂಗೆ?"

"ಓದೋಕಲ್ಲ ಮೇಡಂ ಇದು."

ಭಗವಂತರಾಯರು ಕೇಳಿದರು: "ನಿಮ್ಮ ಪ್ರತಿ ಬೇಕೂಂತ ಯಾರಾದ್ರೂ ಕೇಳಿದ್ರಾ?"

"ಒಬ್ಬರು ಕೇಳಿದ್ರು. ನಮ್ಮದೊಂದು ಇ-ಮೇಲ್ ಗುಂಪಿದೆ ಸಾರ್, ಹಳೇ ಕಾಮಿಕ್ಸ್ ಸಂಗ್ರಹಿಸೋರದ್ದು. ಅಲ್ಲಿ 'ಗ್ರೇ ವಿಂಗ್' ಅಂತ ಒಬ್ಬರಿದಾರೆ. ಒಳ್ಳೇ ಪ್ರತಿ ಕೊಡ್ತೀನಿ, ನಿಮ್ಮ ಗೀಚಿದ ಪ್ರತಿ ಕೊಡಿ ಅಂದ್ರು. ಒಳ್ಳೇದು ಕೊಟ್ಟು ಕೆಟ್ಟದ್ದು ಯಾರಾದ್ರೂ ಕೇಳ್ತಾರಾ? ನನ್ನ ಪ್ರತೀಲಿ ನನಗೇ ಗೊತ್ತಿಲ್ಲದ ವಿಶೇಷ ಏನೋ ಇದೆ ಅನ್ನಿಸ್ತು. ಆಗಲ್ಲ ಅಂದೆ. ಒಂದೊಂದೇ ಪುಟ ಲೆನ್ಸ್ ಹಿಡಿದು ನೋಡ್ದೆ. ಏನೂ ಸಿಗಲಿಲ್ಲ. ಕೊನೆಗೆ ಪುಣೆಯವರೊಬ್ಬರಿಗೆ ಮಾರೋದು ಅಂತಾಯ್ತು. ಗೀಚು ಅಳಿಸಿದ್ರೆ ಗ್ರೇಡ್ ಏರುತ್ತೆ, ಈ ಭಾನುವಾರ ಅಳಿಸ್ತೀನಿ ಅಂತ ಗುಂಪಿನಲ್ಲಿ ಬರೆದೆ. ಭಾನುವಾರ ಕವರ್ ತೆಗೆದ್ರೆ ಪುಸ್ತಕ ಬದಲಾಗಿತ್ತು."

"ಈ ಗ್ರೇ ವಿಂಗ್ ಯಾರು?"

"ನೋಡಿಲ್ಲ ಸಾರ್." ನಿತೀಶ್ ಕೈಗವಸಿನ ಬೆರಳು ಎಳೆಯುತ್ತ ಕೂತ. "ರಿಚರ್ಡ್ಸ್ ಟೌನ್ ಕಡೆ ಯಾರೋ ಹಿರಿಯರು ಇರಬೇಕು, ಒಂಟಿಯಾಗಿರೋರು. ಕಮ್ಮಿ ಮಾತು, ತೂಕದ ಮಾತು. ಹೋದ ವರ್ಷ ನಮ್ಮಪ್ಪ ತೀರಿಕೊಂಡಾಗ ದಿನಾ ಎರಡು ಸಾಲು ಬರೆಯೋರು, ಊಟ ಆಯ್ತಾ ಅಂತ. ಬೇರೆ ಯಾರೂ ಕೇಳಲಿಲ್ಲ. ಅವರು ಕದ್ರು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ."

ತಾಯಿ ಹಂಸ ಬಾಗಿಲಲ್ಲೇ ನಿಂತು ಹೇಳಿದರು, "ಹೊರಗಿನೋರು ಯಾರೂ ಬಂದಿಲ್ಲ ಇವ್ರೇ. ಕೆಲಸದೋಳು, ಆಮೇಲೆ ಆ ಇಂಟರ್‌ನೆಟ್ ಕೇಬಲ್ ಹುಡುಗ. ಶನಿವಾರ ಬಂದು ವೈರು ಸರಿಮಾಡಿ ಹೋದ."

"ಅವನಿಗೆ ಇದೆಲ್ಲ ಏನು ಗೊತ್ತಾಗುತ್ತಮ್ಮ?" ಎಂದ ನಿತೀಶ್.

ಉಮಾಶ್ರೀ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. "ಸಾರ್, ಬಜೆ ವಾಸನೆ. ನನ್ನ ಮಗುವಿಗೆ ದಿನಾ ತೇಯ್ತೀನಿ, ಇದೇ ಘಾಟು."

"ಓ, ಅದು ಶೌಕತ್ ಭಾಯ್ ಅಂಗಡಿದು," ಎಂದ ನಿತೀಶ್. "ಶಿವಾಜಿನಗರದಲ್ಲಿ. ಹುಳ ಹಿಡೀಬಾರ್ದು ಅಂತ ಅವರು ಕವರಿಗೆ ಬಜೆ ಚೂರು ಹಾಕಿಡ್ತಾರೆ."

ಬುಧವಾರ ಬೆಳಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದ್ದರು. ಅತ್ತ ಮಾಂಸದಂಗಡಿ, ಇತ್ತ ಬಟ್ಟೆ ತುಂಡಿನ ರಾಶಿ, ನಡುವೆ ಶೌಕತ್‌ನ ಹಳೇ ಪುಸ್ತಕದ ಗೂಡು. ಮುದುಕ ಪುಸ್ತಕ ನೋಡಿದ ಕೂಡಲೇ ಗುರುತು ಹಿಡಿದ.

"ನಮ್ದೇ ಮಾಲ್ ಸಾಬ್. ಕೇಬಲ್ ಶಿವು ತಗೊಂಡಿದ್ದು. ಶಿವಪುತ್ರ. ಆಠ್ ಮಹೀನೆ ತಿರುಗ್ದ ಇದೊಂದು ಪುಸ್ತಕಕ್ಕೆ. ಏನಾಯ್ತು ಸಾಬ್? ಶರೀಫ್ ಹುಡುಗ ಅವನು."

"ಇದೇ ಯಾಕೆ ಬೇಕಿತ್ತಂತೆ?"

"ಕ್ಯಾ ಮಾಲೂಮ್. ಸಿಕ್ಕಿದ ದಿನ ಇಲ್ಲೇ ನಿಂತ್ಕೊಂಡು ಕವರ್ ಬಿಚ್ಚಿ, ಹೆಬ್ಬೆಟ್ಟಿಂದ ಪುಟಗಳನ್ನ ಪರ್ ಅಂತ ಬಿಟ್ಟ. ಅರೇ, ಮಾಲ್ ಹಾಳಾಗ್ತದೆ ಅಂತ ಬೈದೆ ನಾನು. 'ಇದರಾಗ ಹಾರಲ್ಲ ಭಾಯ್' ಅಂದ. ಪಾಗಲ್."

ಕೇಬಲ್ ಕಚೇರಿ ಸಿ.ವಿ. ರಾಮನ್ ನಗರದಲ್ಲಿ. ಮಾಲೀಕ ವಿಳಾಸ ಕೊಟ್ಟ: ಕೆ.ಆರ್. ಪುರಂ ರೈಲು ನಿಲ್ದಾಣದ ಹಿಂದೆ, ಶೀಟು ಹೊದೆಸಿದ ಕೋಣೆಗಳ ಒಂದು ಸಾಲು. ಅಲ್ಲಿದ್ದವಳು ತಾಯಿ ಮಾನಮ್ಮ. ಸೇಡಂ ಕಡೆಯವಳು. ಈ ಊರಿನ ಎಷ್ಟೋ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಬೆನ್ನು ಈಗ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎತ್ತರದ ಕಟ್ಟಡಗಳಿಗೆ ಊರು ಹೆಸರಿಡುತ್ತದೆ, ಬಗ್ಗಿದ ಬೆನ್ನುಗಳಿಗೆ ಇಡುವುದಿಲ್ಲ.

ಜೊತೆಗಿದ್ದ ಪೀರಪ್ಪ ಹಾಸಿಗೆ ಎತ್ತಿದರು. ಸೀರೆಯ ಚೂರಿನಲ್ಲಿ ಸುತ್ತಿದ ಪುಸ್ತಕ ಸಿಕ್ಕಿತು.

"ಅದನ್ನ ಒಯ್ಬ್ಯಾಡ್ರಿ ಯಪ್ಪಾ," ಎಂದಳು ಮಾನಮ್ಮ. "ನಮ್ಮ ಕಿರಣಂದು ಅದ. ಮನಿ ತುಂಬ ಅಂವಂದಂತ ಅದೊಂದ ಅದ."

ಪಂಚರು ಸಹಿ ಹಾಕುವಾಗ ಶಿವಪುತ್ರ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಬಂದ. ಪೊಲೀಸರನ್ನು ನೋಡಿ ಓಡಲಿಲ್ಲ. ಸುರುಳಿಯನ್ನು ಮೂಲೆಯಲ್ಲಿಟ್ಟು, "ಅವ್ವ, ಸಾಹೇಬರಿಗೆ ನೀರ್ ಕೊಟ್ಟಿಯೇನ?" ಎಂದ. ಮಧ್ಯಾಹ್ನ ಎರಡು ಗಂಟೆಗೆ ದಸ್ತಗಿರಿ.

ಠಾಣೆಯಲ್ಲಿ ಅವನ ಎದುರು ಕೂತು ಪ್ರಶ್ನೆ ಶುರುಮಾಡಿದಾಗ ಭಗವಂತರಾಯರಿಗೆ ತಿಳಿಯದೆಯೇ ಊರ ಮಾತು ಬಾಯಿಗೆ ಬಂತು.

"ಕಿರಣ ಅಂದ್ರ ಯಾರೋ?"

"ನಮ್ಮಣ್ಣ ರೀ. ಕಿರಣಕುಮಾರ."

"ಎಲ್ಲಿದಾನ?"

"ಇಲ್ರಿ. ಎಂಬತ್ತೊಂಬತ್ತರಾಗ ಹೋದ. ಪಾಯದ ಗುಂಡಿ ಮಣ್ಣು ಕುಸೀತು. ಅಪ್ಪ, ಅವ್ವ ಮ್ಯಾಲ ಕಲ್ಲು ಹೊರ್ತಿದ್ರು, ಇಂವ ಕೆಳಗ ನೀರು ಕೊಡ್ಲಿಕ್ಕ ಇಳಿದಿದ್ದ. ಹನ್ನೆರಡು ವರ್ಷ ಇತ್ರಿ ಅವಂಗ."

"ಕೇಸ್ ಆಯ್ತೇನು?"

"ಇದ ಠಾಣಾದ ಪೊಲೀಸರು ಬಂದಿದ್ರು. ಕಂಟ್ರಾಕ್ಟರ್ ಚಹಾ ತರಿಸಿದ, ಕುಡದು ಹೋದ್ರು. ಹೆಣ ಸಿಮೆಂಟ್ ಲಾರಿಯಾಗ ಹಾಕಿ ನಮ್ಮನ್ನೂ ಹತ್ತಿಸಿ ಊರಿಗೆ ಕಳಿಸ್ಯಾರ. ದಿನ ಮಾಡಿ ತಿರುಗಿ ಬಂದ್ರ ನಮ್ಮ ಬಾಡಗಿ ಖೋಲ್ಯಾಗ ಬ್ಯಾರೆಯವ್ರು ಇದ್ರು. ಟ್ರಂಕು ಕೇಳಿದ್ರ, ಎಸೆದೀವಿ ಅಂದ್ರು ಮುನಿಆಂಜನಪ್ಪನವರು. ಫೋಟೋ ತೆಗಿಸಿದವ್ರಲ್ಲ ರೀ ನಾವು. ಅವಂದಂತ ಏನೂ ಉಳೀಲಿಲ್ಲ."

"ಪುಸ್ತಕ?"

"ಹಲಸೂರು ಸಂತ್ಯಾಗ ಕೊಂಡಿದ್ದ. ದಿನಾ ಮೂಲ್ಯಾಗ ಒಂದು ಹಕ್ಕಿ ಬರೀತಿದ್ದ. ಹೋದ ವರ್ಷ ಅವರ ಮನ್ಯಾಗ ಕನೆಕ್ಷನ್ ಕೊಡ್ಲಿಕ್ಕ ಹೋದಾಗ ಮೇಜಿನ ಮ್ಯಾಲ ಕಂಡೆ. ಒಮ್ಮೆ ನೋಡ್ಲೇನ್ರಿ ಸಾರ್ ಅಂದೆ. ಮುಟ್ಬೇಡಪ್ಪ, ಕೈ ಕೊಳೆ ಅಂದ್ರು."

"ಆಮ್ಯಾಲ ಆ ಗುಂಪಿನಾಗ ಸೇರಿದಿ. ಅಲ್ಲಿ ಖರೆ ಹೇಳಬೇಕಿತ್ತಲ್ಲ?"

ಶಿವಪುತ್ರ ತನ್ನ ಅಂಗೈ ನೋಡಿಕೊಂಡ.

"ಹೇಳೋಣಂತ ದಿನಾ ಅನ್ಕೊಂತಿದ್ದೆ ರೀ. ಆದ್ರ ಅಲ್ಲಿ ಅವರು ನನಗ ಸಾರ್ ಅಂತಿದ್ರು. ಊಟ ಆಯ್ತಾ ಅಂತಿದ್ರು. ಕೇಬಲ್ ಹುಡುಗ ಅಂತ ಗೊತ್ತಾದ್ರ ಬರೆಯೋದು ಬಿಡ್ತಿದ್ರು. ನನಗೂ ಮಾತಾಡ್ಲಿಕ್ಕ ಬ್ಯಾರೆ ಯಾರಿದ್ರು ರೀ? ಒಂದಿನ ಅವರ ನೆಟ್ ಹೋಗಿತ್ತು. ನಾ ಮೇಜಿನ ಕೆಳಗ ಕುಂತು ವೈರು ಹಚ್ಚಲಿಕ್ಕತ್ತಿದ್ದೆ. 'ಬೇಗ ಮಾಡಪ್ಪ, ಒಬ್ಬರು ನನ್ನ ಉತ್ತರಕ್ಕೆ ಕಾಯ್ತಾ ಇದಾರೆ' ಅಂದ್ರು. ಹೂಂ ಸಾರ್ ಅಂದೆ."

ಪೀರಪ್ಪ ಕಿಟಕಿಯ ಕಡೆ ತಿರುಗಿ ನಿಂತರು. ಈ ಸಲ ಠಾಣೆಯಲ್ಲಿ ಯಾರೂ ನಗಲಿಲ್ಲ.

"ಭಾನುವಾರ ಅಳಿಸ್ತೀನಿ ಅಂತ ಬರೆದ್ರು," ಎಂದ ಶಿವಪುತ್ರ. "ರಬ್ಬರು ತಂದೀನಿ ಅಂತ ಫೋಟೋ ಹಾಕಿದ್ರು. ಶನಿವಾರ ನಾನೇ ಹೊರಗಿಂದ ಅವರ ಲೈನ್ ಕಿತ್ತೆ. ಕಂಪ್ಲೇಂಟ್ ಬಂತು, ಹೋದೆ. ಕಳವು ಆಗಬಾರ್ದಂತ ಚೊಲೋದು ಇಟ್ಟು ಬಂದೀನ್ರಿ."

ಸಂಜೆ ಐದಕ್ಕೆ ನಿತೀಶ್ ಪುಸ್ತಕ ಗುರುತಿಸಲು ಬಂದ. ಬೆಂಚಿನ ಮೇಲೆ ಕೂತವನನ್ನು ನೋಡಿ, "ನೀನಾ? ನೀನ್ಯಾಕೋ..." ಎಂದು ಶುರುಮಾಡಿದ. ಭಗವಂತರಾಯರು ತಡೆದು, ಗ್ರೇ ವಿಂಗ್ ಎಂದರೆ ಇವನೇ ಎಂದರು. ನಿತೀಶನ ಬಾಯಿಂದ ಹೊರಟದ್ದು ಬೇರೆ ಮಾತು.

"ಅಪ್ಪ ಹೋದಾಗ... ನೀವಾ?"

ಶಿವಪುತ್ರ ತಲೆಯಾಡಿಸಿದ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಸೀಲ್ ಮಾಡೋ ಮುಂಚೆ ಒಮ್ಮೆ ಹೆಬ್ಬೆಟ್ಟಿಂದ ಬಿಡ್ರಿ ಸಾಹೇಬ್ರ. ಹಿಂದಿಂದ ಅಲ್ಲ, ಮುಂದಿಂದ," ಎಂದ.

ಭಗವಂತರಾಯರು ಪುಸ್ತಕವನ್ನು ಬಿಲ್ಲಿನಂತೆ ಬಗ್ಗಿಸಿದರು. "ಸಾರ್, ಬೆನ್ನು!" ಎಂದು ನಿತೀಶನ ಕೈ ಅಭ್ಯಾಸಬಲದಿಂದ ಮುಂದೆ ಬಂತು, ಅರ್ಧದಲ್ಲೇ ನಿಂತಿತು. ಪುಟಗಳು ಹೆಬ್ಬೆಟ್ಟಿನಡಿಯಿಂದ ಸರಸರನೆ ಜಾರಿದವು. ಮೂಲೆಯಲ್ಲಿ ಗೂಡಿನ ಅಂಚಿಗೆ ಕೂತಿದ್ದ ಒಂದು ಸಣ್ಣ ಹಕ್ಕಿ ಕತ್ತು ಎತ್ತಿತು. ರೆಕ್ಕೆ ಬಿಚ್ಚಿತು. ಒಮ್ಮೆ ಬೀಳುವಂತೆ ವಾಲಿ, ಸಾವರಿಸಿಕೊಂಡು, ಪುಟದ ಅಂಚಿನುದ್ದಕ್ಕೂ ಮೇಲೇರಿತು. ಲೆನ್ಸ್ ಹಿಡಿದು ಒಂದೊಂದೇ ಪುಟ ನೋಡಿದವನಿಗೆ ಕಾಣದೆ ಉಳಿದಿದ್ದು ಅದು.

ಪುಸ್ತಕ ಮುಗಿಯಲು ಇನ್ನೂ ಕೆಲವು ಹಾಳೆಗಳಿರುವಾಗ ಹಕ್ಕಿ ಇಲ್ಲವಾಯಿತು. ಉಳಿದ ಮೂಲೆಗಳು ಖಾಲಿ.

"ಅಲ್ಲೀತನಕ ಬರೆದಿದ್ದ ನಮ್ಮಣ್ಣ," ಎಂದ ಶಿವಪುತ್ರ. ಗುಂಡಿ ಕುಸಿದದ್ದು, ಟ್ರಂಕು ಹೋದದ್ದು, ಮನೆಯಲ್ಲಿರುವ ತಾಯಿ, ಎಲ್ಲವನ್ನೂ ಭಗವಂತರಾಯರು ನಿತೀಶನಿಗೆ ಹೇಳಿದರು.

ನಿತೀಶ್ ಕುರ್ಚಿ ಹುಡುಕಿಕೊಂಡು ಕೂತ. "ನಾನು ಕಂಪ್ಲೇಂಟ್ ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಆದ್ಮೇಲೆ ಅದು ನಿಮ್ಮದಲ್ಲ ರೀ, ಸರ್ಕಾರದ್ದು. ಏನು ಹೇಳೋದಿದ್ರೂ ಕೋರ್ಟಲ್ಲಿ ಹೇಳಿ."

"ಹೇಳ್ತೀನಿ. ಪುಸ್ತಕ ಇವರ ತಾಯಿಗೆ..." ಅವನು ಶಿವಪುತ್ರನ ಕಡೆ ನೋಡಿದ, ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ. "ಊಟ ಆಯ್ತಾ?"

"ಇಲ್ಲ ಸಾರ್," ಎಂದ ಶಿವಪುತ್ರ.

ಭಗವಂತರಾಯರು ಎಂಬತ್ತೊಂಬತ್ತರ ಹಳೆಯ ದಾಖಲೆಗಳನ್ನು ತೆಗೆಸಿದರು. ಪೀರಪ್ಪ ಧೂಳು ಕೊಡವಿಕೊಂಡು ಬಂದು ಅಡ್ಡಡ್ಡ ತಲೆಯಾಡಿಸಿದರು. ಪಾಯದ ಗುಂಡಿಯಲ್ಲಿ ಸತ್ತ ಹುಡುಗ ಆ ವರ್ಷ ಈ ಠಾಣೆಯ ಸರಹದ್ದಿನಲ್ಲಿ ಯಾರೂ ಇರಲಿಲ್ಲ. ಕಾಮಿಕ್ಸ್ ಪುಸ್ತಕವೊಂದಕ್ಕೆ ಅರ್ಧ ಗಂಟೆಯಲ್ಲಿ ಎಫ್‌ಐಆರ್ ಆದ ಠಾಣೆ ಇದೇ.

ಮರುದಿನ ಬೆಳಗ್ಗೆ ಆರೋಪಿಯನ್ನೂ ಮಾಲನ್ನೂ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಮಾಲಿನ ನಮೂನೆ ತುಂಬುತ್ತಿದ್ದ ಪೀರಪ್ಪ ಗಟ್ಟಿಯಾಗಿ ಓದಿದರು: "ಹಳೆಯ ಕಾಮಿಕ್ಸ್ ಪುಸ್ತಕ ಒಂದು, ಪುಟಗಳ ಮೂಲೆಯಲ್ಲಿ ಪೆನ್ಸಿಲ್ ಗೀಚು."

"ಗೀಚು ಹೊಡೆದುಹಾಕಿ," ಎಂದರು ಭಗವಂತರಾಯ.

"ಮತ್ತೇನು ಬರೀಲಿ ಸಾರ್?"

ಅವರೇ ಪೆನ್ನು ತೆಗೆದುಕೊಂಡು ಬರೆದರು: 'ಮೂಲೆಗಳಲ್ಲಿ ಹಾರುವ ಹಕ್ಕಿಯ ಅಪೂರ್ಣ ಚಿತ್ರ. ಬರೆದವನು ಕಿರಣಕುಮಾರ, ಹನ್ನೆರಡು ವರ್ಷ, ಈ ಠಾಣಾ ಸರಹದ್ದಿನಲ್ಲಿ ಕಟ್ಟಡ ಕಾಮಗಾರಿಯ ಗುಂಡಿ ಕುಸಿದು ೧೯೮೯ರಲ್ಲಿ ಮೃತ.'

ಕೆಳಗೆ ಸಹಿ ಮಾಡಿ, ಠಾಣೆಯ ಮೊಹರು ಒತ್ತಿದರು.