ಬುರುಜಿನ ಮೂರನೆಯ ದುರ್ಬೀನು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕೋಟೆಯ ಕಾವಲುಗಾರ ಏದುಸಿರು ಬಿಡುತ್ತಾ ಠಾಣೆಗೆ ಬಂದ. ಪ್ರವಾಸಿಗರು ನಗರ ನೋಡಲೆಂದು ಬುರುಜಿನ ಮೇಲೆ ನಿಲ್ಲಿಸಿದ್ದ ಮೂರು ದುರ್ಬೀನುಗಳಲ್ಲಿ ಕೊನೆಯದು ರಾತ್ರೋರಾತ್ರಿ ಮಾಯವಾಗಿತ್ತು. ಇನ್‌ಸ್ಪೆಕ್ಟರಮ್ಮ ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಟೋಪಿ ಎತ್ತಿಕೊಂಡರು.

"ಗುಜರಿ ಕಳ್ಳರ ಕೆಲಸ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. "ಗುಜರಿ ಅಂಗಡಿ ಜಾಲಾಡಿದ್ರೆ ಸಿಕ್ಕಿಬಿಡುತ್ತೆ. ಅದಕ್ಕೆ ಬೆಟ್ಟ ಯಾಕೆ ಹತ್ಬೇಕು?"

"ನಿನ್ನ ಹೊಟ್ಟೆ ಕರಗ್ಲಿ ಅಂತ."

ಮೀಸೆ ದಾರಿಯುದ್ದಕ್ಕೂ ಕೋಟೆ ಕಟ್ಟಿದ ರಾಜರಿಗೆಲ್ಲ ಶಾಪ ಹಾಕುತ್ತಲೇ ಹತ್ತಿದ. ಮೇಲೆ ಬಂದಾಗ ಮಾತ್ರ ಶಾಪ ಮರೆತು ಗೋಡೆಗೆ ಒರಗಿ ನೋಡಿದ. ಕೆಳಗೆ ಹಳೆಯ ನಗರವಿಡೀ ಹರಡಿಕೊಂಡಿತ್ತು. ಗುಮ್ಮಟಗಳು, ಗಡಿಯಾರದ ಗೋಪುರ, ನದಿ, ಒಂದಕ್ಕೊಂದು ಒತ್ತಿಕೊಂಡ ತಾರಸಿಗಳು ಬಿಸಿಲಿನಲ್ಲಿ ಹೊಳೆಯುತ್ತಿದ್ದವು.

ಪಂಚನಾಮೆ ಶುರುವಾಯಿತು. ಬರಿದಾದ ಕಂಬದ ತಲೆಯ ಮೇಲೆ ನಾಲ್ಕು ಬೋಲ್ಟುಗಳಿದ್ದವು. ಅವಕ್ಕೆ ನಟ್ಟುಗಳನ್ನು ಮತ್ತೆ ತಿರುಗಿಸಿ ಕೂರಿಸಿ, ತುಕ್ಕು ಹಿಡಿಯದಿರಲೆಂದು ಮೇಲೆ ಗ್ರೀಸ್ ಸವರಲಾಗಿತ್ತು. ಇನ್‌ಸ್ಪೆಕ್ಟರಮ್ಮನಿಗೆ ಖುಷಿಯಾಯಿತು. ಕೇಸು ತಾನಾಗಿಯೇ ಬಾಯಿ ಬಿಡುವುದೆಂದರೆ ಅವರಿಗೆ ಇಷ್ಟ.

"ಗುಜರಿ ಕಳ್ಳ ನಟ್ಟು ವಾಪಸ್ ಹಾಕ್ತಾನೇನೋ? ಇದು ಕಸುಬುದಾರನ ಕೈ. ಕದಿಯೋವಾಗಲೂ ಅಭ್ಯಾಸ ಬಿಟ್ಟಿಲ್ಲ."

"ಅಂಥವನು ಮೊದಲನೆಯ ದುರ್ಬೀನು ಬಿಟ್ಟು ಮೂಲೇಲಿದ್ದ ಇದನ್ನೇ ಯಾಕೆ ಬಿಚ್ಚಿದ?"

"ಅದನ್ನೇ ನೋಡೋಣ. ಪಕ್ಕದ್ದನ್ನ ಬಿಚ್ಚಿ ಇಲ್ಲಿಗೆ ಹಾಕಿ."

ಕಣ್ಣಿಟ್ಟು ಅವರು ದುರ್ಬೀನನ್ನು ಮೆಲ್ಲಗೆ ತಿರುಗಿಸಿದರು. ಸೇತುವೆ ಬಂತು, ಗೋಪುರ ಬಂತು. ಕೊನೆಗೆ ಅದು ಕಂಬದ ಮೇಲಿದ್ದ ತಡೆಗೆ ತಾಗಿ, ಮುಂದೆ ತಿರುಗದೆ ನಿಂತಾಗ ಕಂಡದ್ದು ಒಂದು ಮನೆಯ ತಾರಸಿ. ಆ ತುದಿಯಿಂದ ಈ ತುದಿಗೆ ಸೊಂಟದೆತ್ತರಕ್ಕೆ ಹಗ್ಗ ಬಿಗಿದಿತ್ತು. ಬಟ್ಟೆ ಒಣಗಿಸುವ ಹಗ್ಗವಾಗಿದ್ದರೆ ಅಷ್ಟು ಕೆಳಗೆ ಯಾರೂ ಕಟ್ಟುವುದಿಲ್ಲ.

"ಈ ದುರ್ಬೀನಿನ ವಿಷಯಕ್ಕೆ ಯಾರಾದ್ರೂ ತಕರಾರು ಮಾಡಿದ್ರಾ?" ಎಂದು ಕಾವಲುಗಾರನನ್ನು ಕೇಳಿದರು.

ಅವನು ತಲೆ ಕೆರೆದುಕೊಂಡ. "ಒಬ್ಬರು ಬಂದಿದ್ರು. ನಮ್ಮನೆ ಕಾಣುತ್ತೆ, ತೆಗೀರಿ ಅಂದ್ರು. ಊರು ನೋಡೋಕೆ ತಾನೇ ಇದನ್ನ ಇಟ್ಟಿರೋದು ಅಂತ ನಕ್ಕುಬಿಟ್ಟೆ."

"ತಾರಸಿ ಮೇಲೆ ಏನು ಕಾಣ್ತಿತ್ತು?"

"ಒಬ್ಬ ಹೆಂಗಸು ಹಗ್ಗ ಹಿಡ್ಕೊಂಡು ತೂರಾಡ್ಕೊಂಡು ನಡೀತಿದ್ರು. ಹುಡುಗರು ದುರ್ಬೀನಿಗೆ ಫೋನ್ ಒತ್ತಿಟ್ಟು ವಿಡಿಯೊ ತೆಗೆದ್ರು. ಕುಡಿದವಳ ಕುಣಿತ ಅಂತ ಊರೆಲ್ಲ ಹಂಚಿದ್ರು."

"ನನಗೂ ಬಂದಿತ್ತು ಮೇಡಂ," ಎಂದ ಮೀಸೆ, ನೆಲ ನೋಡುತ್ತಾ.

ಆ ಬೀದಿಯಲ್ಲಿ ವಿಚಾರಿಸಿದಾಗ ಗೊತ್ತಾಯಿತು: ಮನೆ ಒಬ್ಬ ಲಿಫ್ಟ್ ಮೆಕ್ಯಾನಿಕ್‌ನದು, ಜೊತೆಗಿರುವವಳು ಅವನ ತಂಗಿ. ಬಾಗಿಲು ತೆರೆದ ಮೆಕ್ಯಾನಿಕ್ ಖಾಕಿ ಕಂಡು ಬೆಚ್ಚಲಿಲ್ಲ.

"ದುರ್ಬೀನು ಎಲ್ಲಿ?"

"ಮಂಚದ ಕೆಳಗಿದೆ."

ಅದನ್ನು ಕಂಬಳಿಯಲ್ಲಿ ಸುತ್ತಿಟ್ಟಿದ್ದ. ಒಂದು ಗೀರೂ ಬಿದ್ದಿರಲಿಲ್ಲ.

"ಯಾಕೆ ತಂದಿರಿ?"

"ನನ್ನ ತಂಗಿ ಮಕ್ಕಳಿಗೆ ಓಟ ಕಲಿಸೋ ಮೇಡಂ ಆಗಿದ್ಲು. ಅಪಘಾತದಲ್ಲಿ ಕಾಲು ಹೋಯ್ತು ಅಂದ್ಕೊಂಡ್ವಿ. ದಿನಾ ನಡೆದ್ರೆ ಮಾತ್ರ ಉಳಿಯುತ್ತೆ ಅಂದ್ರು ಡಾಕ್ಟರು. ಹಗ್ಗ ಕಟ್ಟಿಕೊಟ್ಟೆ, ನಡೀತಿದ್ಲು. ಆ ವಿಡಿಯೊ ನೋಡಿದವಳು ಕೋಣೆ ಬಿಟ್ಟು ಬಂದಿಲ್ಲ. ಕಾಲು ಮತ್ತೆ ಸೆಟೆದುಕೊಳ್ತಾ ಇದೆ."

"ಠಾಣೆಗೆ ಬರ್ಬೇಕಿತ್ತು."

"ಬಂದು ಏನಂತ ಬರೆಸ್ಲಿ? ದೂರದಿಂದ ನೋಡಿದ್ರು ಅಂತಾನಾ?"

"ವಿಡಿಯೊ ತೆಗೆದು ಹಂಚಿದವರ ಮೇಲೆ ಬರೆಸಿ. ಈಗಲೂ ಬರೆಸ್ಬಹುದು. ಮೊದಲ ಸಾಕ್ಷಿ ನಮ್ಮ ಮೀಸೆ." ಇನ್‌ಸ್ಪೆಕ್ಟರಮ್ಮ ಎದ್ದು ನಿಂತರು. "ಕಳ್ಳತನ ಮಾತ್ರ ಕಳ್ಳತನವೇ. ನಡೀರಿ."

ಮಾಲು ಜಪ್ತಿಯಾಯಿತು, ಬಂಧನದ ಪತ್ರಕ್ಕೆ ಸಹಿಯಾಯಿತು. ಜೀಪಿನ ಸುತ್ತ ಇಡೀ ಬೀದಿಯೇ ಸೇರಿತ್ತು. ಮೀಸೆ ಕೀಲಿ ತಿರುಗಿಸಬೇಕು ಎನ್ನುವಷ್ಟರಲ್ಲಿ ಜನರ ಗುಜುಗುಜು ನಿಂತಿತು.

ಬಾಗಿಲಲ್ಲಿ ತಂಗಿ ನಿಂತಿದ್ದಳು. ಒಂದು ಕೈ ಗೋಡೆಯ ಮೇಲಿತ್ತು, ಇನ್ನೊಂದರಲ್ಲಿ ಅಣ್ಣನ ಕನ್ನಡಕ. ಗೋಡೆ ಮುಗಿದ ಕಡೆ ಒಂದು ಕ್ಷಣ ತಡೆದಳು. ಆಮೇಲೆ ಅದನ್ನು ಬಿಟ್ಟು, ತೂರಾಡುತ್ತಲೇ ಜೀಪಿನವರೆಗೆ ಬಂದಳು.

"ಇದನ್ನ ಬಿಟ್ಟು ಹೋಗ್ತಿದ್ದೀಯಲ್ಲ, ಸಹಿ ಹೇಗೆ ಹಾಕಿದೆ?"

"ಒಳಗೆ ಹೋಗೇ. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಬಿಡೋ."

ಮೆಕ್ಯಾನಿಕ್ ಕನ್ನಡಕ ಹಾಕಿಕೊಳ್ಳದೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳು ತಿರುಗಿ ಬಾಗಿಲು ಮುಟ್ಟುವವರೆಗೂ ಇನ್‌ಸ್ಪೆಕ್ಟರಮ್ಮ ಜೀಪು ಹೊರಡಿಸಲಿಲ್ಲ.

ಕತ್ತಲಾಗುವ ಮೊದಲೇ ಕಾವಲುಗಾರನಿಗೆ ಆದೇಶ ಹೋಯಿತು: ಮೂರನೆಯ ಕಂಬದ ತಡೆಯನ್ನು ಗೋಪುರದ ಹತ್ತಿರಕ್ಕೇ ಸರಿಸಬೇಕು, ದುರ್ಬೀನು ಆ ಬೀದಿಯತ್ತ ತಿರುಗಕೂಡದು. ಕೇಸ್ ಡೈರಿಯಲ್ಲಿ, ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರಮ್ಮ ಬರೆದದ್ದು ಎರಡೇ ಪದ: ತಂಗಿ ನಡೆಯಲೆಂದು.