ಅಕ್ಕನಿಗೆ ತಲುಪದ ಕರೆ

"ಏಳ್ರಿ ಮೇಲೆ. ಯಾರನ್ನ ಕೇಳಿ ನನ್ನ ಮೇಲ್ ತೆಗೆದ್ರಿ?"

ಲೆಕ್ಕ ಬರೆಯುವ ಅನುಸೂಯಳ ದನಿಗೆ ಹೊಳಲ್ಕೆರೆಯ ಆ ಅಡಿಕೆ ಮಂಡಿಯ ಆಫೀಸೇ ತಿರುಗಿ ನೋಡಿತು. ಚಿತ್ರದುರ್ಗದಿಂದ ಕಂಪ್ಯೂಟರ್ ರಿಪೇರಿಗೆ ಬಂದಿದ್ದ ನಿರಂಜನ್ ಕುರ್ಚಿ ಬಿಟ್ಟು ಎದ್ದ.

"ವೈರಸ್ ಹೊಕ್ಕು ಇಂಟರ್ನೆಟ್ಟೇ ನಿಂತೈತೆ ಮೇಡಂ. ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕ್ಬೇಕು. ಅದಕ್ಕೆ ಮುಂಚೆ ಮೇಲ್, ಅಡ್ರೆಸ್ಸು ಬ್ಯಾಕಪ್ ತಗಳ್ಳಾಣ ಅಂತ..."

"ಇನ್ನೊಬ್ರ ಮನೆ ಪತ್ರ ಓದೋ ಚಾಳಿಗೆ ಬ್ಯಾಕಪ್ ಅಂತ ಹೆಸರಾ? ನಿಮ್ಮನೇಲಿ ಅಕ್ಕ-ತಂಗೀರು ಇಲ್ವಾ?"

ಗುಮಾಸ್ತರೆಲ್ಲ ಕಿಸಕ್ಕನೆ ನಕ್ಕರು. ನಿರಂಜನನ ಕಿವಿ ಕೆಂಪಾಯಿತು.

ಪಾಪ, ಅವಳ ಸಿಟ್ಟಿನ ಹಿಂದೆ ಭಯವಿತ್ತು. ಅಕ್ಕ ರಮ್ಯಾ ಬೇರೆ ಜಾತಿಯ ಹುಡುಗನ ಜೊತೆ ಸೊಲ್ಲಾಪುರದ ಕಡೆ ಹೋಗಿ ವರ್ಷಗಳಾಗಿದ್ದವು. ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿಲ್ಲ. ಆಗಾಗ ಅಲ್ಲಿನ ಯಾವುದೋ ಸೈಬರ್ ಸೆಂಟರಿನಿಂದ ಅವಳು ಕಳಿಸುವ ಮೇಲ್ ಈ ಕಂಪ್ಯೂಟರಿನಲ್ಲಿ ಬಂದು ಇಳಿಯುತ್ತಿತ್ತು. ಬೇರೆಲ್ಲೂ ಅದರ ಪ್ರತಿ ಇರುತ್ತಿರಲಿಲ್ಲ.

ಕೊನೆಯ ಮೇಲ್‌ನಲ್ಲಿ ಬರೆದಿದ್ದಳು. "ಅನು, ಈ ಗೌರಿ ಹಬ್ಬಕ್ಕೆ ಅಪ್ಪ ಕರೆದ್ರೆ ಬರ್ತೀನಿ. ಕರೀದಿದ್ರೆ ತವರಿನ ಋಣ ತೀರ್ತು ಅನ್ಕೊಂತೀನಿ. ಆಮೇಲೆ ಬರೆಯಲ್ಲ."

ಕರೆಯದೆ ಗೌರಿ ಹಬ್ಬಕ್ಕೆ ತವರಿನ ಹೊಸಿಲು ತುಳಿಯುವ ಮಗಳು ನಮ್ಮ ಸೀಮೆಯಲ್ಲಿ ಇಲ್ಲ ಬಿಡಿ. ಕಲ್ಲಿನಂತಿದ್ದ ಅಪ್ಪ ಚಿತ್ರಲಿಂಗಪ್ಪ ಅಂದು ಬೆಳಿಗ್ಗೆಯಷ್ಟೇ ಕರಗಿದ್ದರು. "ಬಾ ಅನ್ನು ಅವಳಿಗೆ" ಎಂದಿದ್ದರು. ಆ ಸಂತೋಷದಲ್ಲಿ ಓಡಿ ಬಂದರೆ ಅಕ್ಕನ ಮೇಲ್ ಮುಂದೆ ಯಾರೋ ಅಪರಿಚಿತ ಕುಳಿತಿದ್ದಾನೆ!

"ಬ್ಯಾಕಪ್ ನಾನೇ ತಗೊಂತೀನಿ."

ಅನುಸೂಯ ಫ್ಲಾಪಿ ಹಾಕಿದಳು. ಪರದೆಯ ಮೇಲಿದ್ದ ಮೇಲ್‌ನ ಪುಟ್ಟ ಚಿತ್ರವನ್ನು ಎಳೆದು ಫ್ಲಾಪಿಗೆ ಬಿಟ್ಟಳು. ಅಷ್ಟೇ. ಆ ಚಿತ್ರ ಬರೀ ಬಾಗಿಲು. ಒಳಗಿನ ಪತ್ರವಾಗಲಿ ವಿಳಾಸವಾಗಲಿ ಅದರ ಜೊತೆ ಹೋಗುವುದಿಲ್ಲ.

ನಿರಂಜನ್ ಅದನ್ನು ನೋಡಿದ. ಹೇಳಬೇಕಿತ್ತು. ಮಾತು ತುಟಿಯವರೆಗೂ ಬಂತು...

'ಅನುಭವಿಸಲಿ. ಸ್ವಲ್ಪ ಸೊಕ್ಕು ಇಳೀಲಿ.'

"ಎಲ್ಲಾ ತಗೊಂಡ್ರಾ?" ಎಂದಷ್ಟೇ ಕೇಳಿದ.

"ತಗೊಂಡೆ. ನಿಮ್ಮ ಕೆಲಸ ನೋಡ್ಕಳ್ರಿ."

ಅವನು ಎಂಟರ್ ಒತ್ತಿದ. ಕಂಪ್ಯೂಟರಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು.

ಸಂಜೆ ಫ್ಲಾಪಿ ತೆರೆದರೆ ಒಳಗೆ ಒಂದು ಪತ್ರವೂ ಇಲ್ಲ. ಅಕ್ಷರ, ಅಂಕಿ ಕಲಸಿದ್ದ ಅಕ್ಕನ ವಿಳಾಸ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕಾರಣ ಕೇಳಿ ತಿಳಿದಾಗ ನಿರಂಜನನಿಗೆ ತಾನು ಮಾಡಿದ್ದು ಎಂಥ ತಪ್ಪೆಂದು ಅರ್ಥವಾಯಿತು. ಆದರೂ ಬಾಯಿಂದ ಬಂದದ್ದು ಸುಳ್ಳೇ.

"ಫ್ಲಾಪಿ ಕೆಟ್ಟಿತ್ತು ಅನ್ಸುತ್ತೆ ಮೇಡಂ."

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಸುಳ್ಳಿನಲ್ಲಿ ಅವಳೇನು ಕಡಿಮೆ? ಹಬ್ಬದೊಳಗೆ ವಿಳಾಸ ಹೇಗಾದರೂ ನೆನಪಾದೀತೆಂಬ ಆಸೆಯಲ್ಲಿ, "ಬರೆದೆ ಅಪ್ಪಾ" ಎಂದುಬಿಟ್ಟಳು.

ಗೌರಿ ಹಬ್ಬದ ದಿನ ಚಿತ್ರಲಿಂಗಪ್ಪ ಹಿರಿಮಗಳ ಬಾಗಿನಕ್ಕೆಂದು ಹಸಿರು ಸೀರೆ ತಂದಿಟ್ಟು, ಸಂಜೆಯವರೆಗೂ ಬಸ್ ಸ್ಟ್ಯಾಂಡಿನಲ್ಲಿ ಕುಳಿತರು. ಒಬ್ಬರೇ ಮನೆಗೆ ಬಂದರು. ಸೀರೆಯನ್ನು ಪಕ್ಕದ ಮನೆಯ ಹನುಮಮ್ಮನಿಗೆ ಕೊಟ್ಟುಬಿಟ್ಟರು.

"ಕರೆದ್ರೂ ಬರ್ಲಿಲ್ಲ ಅವ್ಳು. ಇನ್ನ ಆ ಹೆಸ್ರು ಈ ಮನೆಯಾಗೆ ಎತ್ತಬ್ಯಾಡ."

ಅನುಸೂಯಳಿಗೆ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಅಕ್ಕನ ಮೇಲ್ ಮತ್ತೆ ಬರಲಿಲ್ಲ.

ನಿರಂಜನ್ ಮಾತ್ರ ಬರುತ್ತಲೇ ಇದ್ದ. ಅಳಿಸಿಹೋದದ್ದನ್ನು ತೆಗೆಯಲು ಹೆಣಗಿದ. ರಮ್ಯಾಳ ಫೋಟೋ ಹಿಡಿದು ಸೊಲ್ಲಾಪುರದ ಬೀದಿ ಬೀದಿ ಅಲೆದ. 'ಇಂಥವನನ್ನು ಬೈದೆನಲ್ಲಾ...' ಎಂದು ಕರಗಿದ ಅನುಸೂಯ ಕೊನೆಗೆ ಅವನನ್ನೇ ಪ್ರೀತಿಸಿದಳು. ಎರಡೂ ಮನೆಯವರು ಒಪ್ಪಿದರು.

ಲಗ್ನಪತ್ರಿಕೆ ಬರೆಸುವ ಹಿಂದಿನ ದಿನ ಅವನು ಮಂಡಿಯ ಬಾಗಿಲಲ್ಲಿ ನಿಂತಿದ್ದ.

"ಅನು, ಫ್ಲಾಪಿ ಕೆಟ್ಟಿರ್ಲಿಲ್ಲ. ನೀನು ಬರೀ ಚಿತ್ರ ಎಳೆದಿದ್ದೆ. ನಾನು ನೋಡಿದ್ದೆ. ಸಿಟ್ಟಿಗೆ ಬಾಯಿ ಮುಚ್ಕಂಡಿದ್ದೆ."

ಅವಳು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿ ಎದ್ದು ಬಂದಳು.

"ಮತ್ತೆ ಸೊಲ್ಲಾಪುರಕ್ಕೆ ಅಲೆದಿದ್ದು?"

"ಪಾಪ ತೊಳ್ಕಳಾಕೆ ಹೋದೆ. ಆಮೇಲಾಮೇಲೆ ನಿನ್ನ ಕಣ್ಣೀರು ನೋಡಾಕೆ ಆಗದೆ ಹೋದೆ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಏಳಲಿಲ್ಲ. 'ನಾನಾದರೂ ಅಪ್ಪನಿಗೆ ನಿಜ ಹೇಳಿದ್ದರೆ ಅಕ್ಕ ಅವರ ಮನಸ್ಸಿನಲ್ಲಾದರೂ ಮಗಳಾಗಿ ಉಳಿಯುತ್ತಿದ್ದಳಲ್ಲ...'

"ನಡೀರಿ. ಇಬ್ರೂ ಹೋಗಿ ಅಪ್ಪಂಗೆ ಹೇಳಾಣ."

ಇಬ್ಬರ ಮಾತನ್ನೂ ಕೇಳಿದ ಚಿತ್ರಲಿಂಗಪ್ಪ ಕೂಗಾಡಲಿಲ್ಲ.

"ಹಂಗಾದ್ರೆ ಹಬ್ಬದ ದಿನ ನನ್ನ ಕೂಸೂ ಕಾದಿದ್ಲು" ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜಗಲಿಯ ಮೇಲೆ ಇಬ್ಬರೇ ಉಳಿದರು.

"ಅಕ್ಕ ಈ ಮನೆಗೆ ಬರೋವರ್ಗೂ ನಾನು ತಾಳಿ ಕಟ್ಟಿಸ್ಕಳಲ್ಲ," ಎಂದಳು ಅನುಸೂಯ. "ನಿಮ್ಮನ್ನ ಕ್ಷಮಿಸಾಕೂ ಆಗಲ್ಲ. ಬಿಡಾಕೂ ಆಗಲ್ಲ."

"ನಾಳೆನೇ ಮತ್ತೆ ಹುಡುಕಾಕೆ ಹೋಗ್ತೀನಿ. ಅನು... ಸಿಗದೇ ಹೋದ್ರೆ?"

ಅವಳು ಮೊದಲ ಸಲ ಅವನ ಕೈ ಹಿಡಿದಳು.

"ಸಿಗದಿದ್ರೂ ಕಾಯ್ರಿ. ನಾನೂ ಕಾಯ್ತೀನಿ."